1,200 ಗ್ರಾಂ ಕೂಸಿಗೆ ಎದೆಹಾಲಿನ ಲೆಕ್ಕ

(ದಿನ ತುಂಬದೆ ಹುಟ್ಟಿದ ಮಕ್ಕಳ ಪೋಷಕರು, ನವಜಾತ ಶಿಶು ಘಟಕದ ನರ್ಸ್‌ಗಳು ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಪೂರ್ತಿ ಒಂದೇ ಕೂಸಿನ ಸುತ್ತ ತಿರುಗುತ್ತದೆ. ಲೆಕ್ಕಕ್ಕೆಂದು ಇಟ್ಟುಕೊಂಡ ಕೂಸು ಅದು: 30 ವಾರಕ್ಕೆ ಹುಟ್ಟಿದೆ, ತೂಕ 1,200 ಗ್ರಾಂ, ಉಸಿರಾಟ ಒಂದು ಹದಕ್ಕೆ ಬಂದಿದೆ. ಇಂಥ ಮಕ್ಕಳ ಬಗ್ಗೆ ವಾರ್ಡಿನ ಹೊರಗೆ ಎರಡು ಮಾತು ಕೇಳಿಬರುತ್ತವೆ. ‘ತಾಯಿಯ ಹಾಲಿಗಿಂತ ಇನ್ನೇನು ಬೇಕು, ಅದೊಂದೇ ಸಾಕು’ ಅನ್ನುವುದು ಒಂದು. ‘ಎದೆಹಾಲು ನೀರು ನೀರಾಗಿದೆ, ಇಷ್ಟು ಸಣ್ಣ ಮಗುವಿಗೆ ಡಬ್ಬಿ ಹಾಲೇ ಗತಿ’ ಅನ್ನುವುದು ಇನ್ನೊಂದು. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯದ ತಪ್ಪು. ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಕೂಡಿ ಕಳೆಯಬೇಕು.

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತೇವೆ. ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದು ಹೀಗೆ ಬೇಗ ಬರುತ್ತದೆ. ಅವರಲ್ಲಿ ಹೆಚ್ಚಿನವರು 34 ವಾರ ದಾಟಿದವರು. ಅವರ ಕಥೆ ಅಷ್ಟು ಕಷ್ಟದ್ದಲ್ಲ. ನಮ್ಮ ಲೆಕ್ಕ ಬೇಕಾಗುವುದು 32 ವಾರಕ್ಕೆ ಮೊದಲು ಹುಟ್ಟಿದವರಿಗೆ, ಅಥವಾ 1,500 ಗ್ರಾಂಗಿಂತ ಕಡಿಮೆ ತೂಕದವರಿಗೆ.

ನಮ್ಮ ಕೂಸಿಗೆ ತಪ್ಪಿಹೋದದ್ದು ಗರ್ಭದ ಕೊನೆಯ ಹತ್ತು ವಾರ. ಆ ಅವಧಿಯಲ್ಲಿ ಮಗುವಿನ ತೂಕ ದುಪ್ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ದಿನ ತುಂಬಿದ ಮಗುವಿನ ಮೈಯಲ್ಲಿರುವ ಕ್ಯಾಲ್ಸಿಯಂ ಮತ್ತು ರಂಜಕದಲ್ಲಿ ಸುಮಾರು ಶೇ 80 ಭಾಗ ಸೇರುವುದು ಕೊನೆಯ ಮೂರು ತಿಂಗಳಲ್ಲೇ. ಕಬ್ಬಿಣದ ದಾಸ್ತಾನು, ಚರ್ಮದಡಿಯ ಕೊಬ್ಬು, ಪಿತ್ತಜನಕಾಂಗದಲ್ಲಿ ಕೂಡಿಡುವ ಸಕ್ಕರೆ, ಇವೂ ಆಗಲೇ. ಹೊಕ್ಕುಳಬಳ್ಳಿ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 100ರಿಂದ 130 ಮಿ.ಗ್ರಾಂ ಕ್ಯಾಲ್ಸಿಯಂ ಸಾಗಿಸುತ್ತಿತ್ತು. ಬಳ್ಳಿ ಕತ್ತರಿಸಿದ ಗಳಿಗೆಗೆ ಆ ಸರಬರಾಜು ನಿಂತಿತು. ಬೆಳೆಯುವ ವೇಗ ಮಾತ್ರ ಗರ್ಭದ್ದೇ. ಇನ್ನು ಮೇಲೆ ಎಲ್ಲವೂ ಹೊಟ್ಟೆಯ ಮೂಲಕ ಹೋಗಬೇಕು, ಹೊಟ್ಟೆ ಸಿದ್ಧವಾಗುವವರೆಗೆ ರಕ್ತನಾಳದ ಮೂಲಕ.

ಹಾಲಿನಲ್ಲಿ ಏನಿದೆ

ಹೆರಿಗೆಯಾಗಿ ಕೆಲವು ವಾರ ಕಳೆದ ತಾಯಿಯ ಹಾಲು 100 ಮಿ.ಲೀ. ತೆಗೆದುಕೊಂಡರೆ ಸುಮಾರು 87 ಭಾಗ ನೀರು. ಶಕ್ತಿ 65ರಿಂದ 70 ಕಿಲೋಕ್ಯಾಲೊರಿ, ಕೊಬ್ಬು ಮೂರೂವರೆ ಗ್ರಾಂ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ 7 ಗ್ರಾಂ, ಪ್ರೋಟೀನು 1 ಗ್ರಾಂ ಆಸುಪಾಸು. ಹಸುವಿನ ಹಾಲಿನಲ್ಲಿ ಪ್ರೋಟೀನು ಇದರ ಮೂರು ಪಟ್ಟು. ಇದನ್ನು ನೋಡಿಯೇ ‘ನೀರು ಹಾಲು’ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಆದರೆ ಆ 1 ಗ್ರಾಂ ಎಂಥದ್ದು ಅನ್ನುವುದು ಮುಖ್ಯ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಶೇ 80 ಕೇಸೀನ್. ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಎದೆಹಾಲಿನಲ್ಲಿ ಮೊದಲ ದಿನಗಳಲ್ಲಿ ಶೇ 80ಕ್ಕೂ ಮೇಲ್ಪಟ್ಟು ಇರುವುದು ನೀರಿನಂತೆ ಕರಗಿ ಬೇಗ ಕರುಳಿಗೆ ಇಳಿಯುವ ವ್ಹೇ ಪ್ರೋಟೀನು. ದಿನ ಕಳೆದಂತೆ ಅದು ಶೇ 60ರ ಆಚೀಚೆ ನಿಲ್ಲುತ್ತದೆ.

ಆ ವ್ಹೇ ಭಾಗದಲ್ಲಿ ಬಹುಪಾಲು ಕಾವಲು ಕೆಲಸದ ಪ್ರೋಟೀನುಗಳೇ. ಸ್ರವಿಸುವ ಐಜಿಎ ಎಂಬ ಪ್ರತಿಕಾಯ ಕರುಳಿನ ಒಳಪದರಕ್ಕೆ ಅಂಟಿಕೊಂಡು ರೋಗಾಣುಗಳನ್ನು ತಡೆಯುತ್ತದೆ. ಲ್ಯಾಕ್ಟೋಫೆರಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಮಾಡುತ್ತದೆ. ಲೈಸೋಜೈಮ್ ಅವುಗಳ ಹೊರಗೋಡೆಯನ್ನೇ ಒಡೆಯುತ್ತದೆ. ಇದಲ್ಲದೆ 200ಕ್ಕೂ ಹೆಚ್ಚು ಬಗೆಯ ಸಂಕೀರ್ಣ ಸಕ್ಕರೆಗಳಿವೆ, ಆಲಿಗೋಸ್ಯಾಕರೈಡ್‌ಗಳು ಎನ್ನುತ್ತಾರೆ. ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಎದೆಹಾಲಿನ ಘನಾಂಶದಲ್ಲಿ ಇವಕ್ಕೇ ಮೂರನೆಯ ಸ್ಥಾನ. ತಮಾಷೆಯೆಂದರೆ ಇವನ್ನು ಜೀರ್ಣಿಸಿಕೊಳ್ಳುವ ಕಿಣ್ವ ಮಗುವಿನಲ್ಲಿಲ್ಲ. ಇವು ಬಿಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಜೀವಾಣುಗಳ ಊಟ. ಮಗುವಿಗೆಂದು ಇಳಿಯುವ ಹಾಲಿನಲ್ಲಿ ಮಗುವಿನ ಕರುಳಿನ ಬಾಡಿಗೆದಾರರಿಗೂ ಪಾಲಿಟ್ಟಿದೆ.

ಕೊಬ್ಬು ಎಲ್ಲಕ್ಕಿಂತ ಚಂಚಲವಾದ ಭಾಗ. ಒಂದೇ ಸಲ ಹಿಂಡುವಾಗಲೂ ಮೊದಲು ಬರುವ ಹಾಲಿಗಿಂತ ಕೊನೆಯ ಹಾಲಿನಲ್ಲಿ ಎರಡು ಮೂರು ಪಟ್ಟು ಕೊಬ್ಬಿರುತ್ತದೆ. ಶಕ್ತಿಯ ಅರ್ಧದಷ್ಟು ಕೊಬ್ಬಿನಿಂದಲೇ ಬರುವುದರಿಂದ ಪೂರ್ತಿ ಹಿಂಡದೆ ಬಿಟ್ಟರೆ ಕೂಸಿಗೆ ಸಿಗುವ ಕ್ಯಾಲೊರಿ ಕುಸಿಯುತ್ತದೆ. ಕೊಬ್ಬನ್ನು ಜೀರ್ಣಿಸುವ ಲೈಪೇಸ್ ಎಂಬ ಕಿಣ್ವವೂ ಹಾಲಿನೊಳಗೇ ಇದೆ. ದಿನ ತುಂಬದ ಮಗುವಿನ ಮೇದೋಜೀರಕ ಗ್ರಂಥಿಗೆ ಆ ಕೆಲಸ ಇನ್ನೂ ಸರಿಯಾಗಿ ಬರುವುದಿಲ್ಲ.

ಇನ್ನು ಬೇಗ ಹೆತ್ತ ತಾಯಿಯ ಹಾಲು. ಮೊದಲ ಎರಡು ವಾರ ಅದರಲ್ಲಿ ಪ್ರೋಟೀನು 100 ಮಿ.ಲೀ.ಗೆ ಒಂದೂವರೆಯಿಂದ 2 ಗ್ರಾಂವರೆಗೆ ಇರುತ್ತದೆ. ಸೋಡಿಯಂ, ಪ್ರತಿಕಾಯಗಳೂ ಹೆಚ್ಚು. ಈ ಕೊಡುಗೆ ಬಹಳ ದಿನ ಉಳಿಯುವುದಿಲ್ಲ. ನಾಲ್ಕರಿಂದ ಆರು ವಾರದೊಳಗೆ ಪ್ರೋಟೀನು 1 ಗ್ರಾಂ ಹತ್ತಿರ ಇಳಿದುಬಿಡುತ್ತದೆ. ಕೂಸು ಇನ್ನೂ 37 ವಾರವನ್ನೂ ಮುಟ್ಟಿರುವುದಿಲ್ಲ, ಹಾಲು ಆಗಲೇ ದಿನ ತುಂಬಿದ ಮಗುವಿನ ಹಾಲಾಗಿರುತ್ತದೆ.

ಕೊರತೆ ಎಲ್ಲಿ

ನಮ್ಮ ಕೂಸು ಪೂರ್ತಿ ಹಾಲು ಕುಡಿಯುವ ಹಂತಕ್ಕೆ ಬಂದಿದೆ ಎಂದುಕೊಳ್ಳಿ. ಕೆ.ಜಿ.ಗೆ ದಿನಕ್ಕೆ 180 ಮಿ.ಲೀ. ಲೆಕ್ಕದಲ್ಲಿ 216 ಮಿ.ಲೀ. ಎರಡು ಗಂಟೆಗೊಮ್ಮೆ ಕೊಟ್ಟರೆ ಪ್ರತಿ ಸಲ 18 ಮಿ.ಲೀ.

ಶಕ್ತಿ: ಸುಮಾರು 145 ಕಿಲೋಕ್ಯಾಲೊರಿ, ಅಂದರೆ ಕೆ.ಜಿ.ಗೆ 120. ಬೇಕಾದದ್ದು 115ರಿಂದ 140. ಹೆಚ್ಚು ಕಡಿಮೆ ಸರಿಹೋಯಿತು. ಪ್ರೋಟೀನು: ಸಿಕ್ಕಿದ್ದು ಕೆ.ಜಿ.ಗೆ 1.8 ಗ್ರಾಂ. ಬೇಕಾದದ್ದು 3.5ರಿಂದ 4. ಅರ್ಧಕ್ಕೆ ನಿಂತಿತು. ಕ್ಯಾಲ್ಸಿಯಂ: 100 ಮಿ.ಲೀ. ಹಾಲಿನಲ್ಲಿ 25ರಿಂದ 30 ಮಿ.ಗ್ರಾಂ ಇರುವುದರಿಂದ ಕೆ.ಜಿ.ಗೆ 50ರಷ್ಟು ಸಿಕ್ಕಿತು. ಬೇಕಾದದ್ದು ಕನಿಷ್ಠ 120. ರಂಜಕ, ಅಂದರೆ ಫಾಸ್ಫರಸ್: ಸಿಕ್ಕಿದ್ದು 25, ಬೇಕಾದದ್ದು 70ರ ಮೇಲೆ. ವಿಟಮಿನ್ ಡಿ ಮತ್ತು ಕಬ್ಬಿಣದ ವಿಷಯದಲ್ಲಂತೂ ಹಾಲಿನಿಂದ ಬರುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಡೆಯುತ್ತದೆ.

ಹಾಗಾದರೆ ಹಾಲನ್ನೇ ಹೆಚ್ಚು ಕೊಟ್ಟರಾಗದೇ? ಪ್ರೋಟೀನಿನ ಕೊರತೆ ತುಂಬಲು ಈ ಕೂಸಿಗೆ ದಿನಕ್ಕೆ 420 ಮಿ.ಲೀ. ಕೊಡಬೇಕು. ರಂಜಕಕ್ಕಾಗಿ 600 ಮಿ.ಲೀ. ಅಂದರೆ ಮೈತೂಕದ ಅರ್ಧದಷ್ಟು ಹಾಲು ದಿನವೂ ಒಳಗೆ ಹೋಗಬೇಕು. ಹೃದಯದ ಬಳಿಯ ಮುಚ್ಚದ ರಕ್ತನಾಳ, ಬಲಿಯದ ಶ್ವಾಸಕೋಶ ಅಷ್ಟು ನೀರನ್ನು ತಡೆಯುವುದಿಲ್ಲ. ತಾಯಿ ಎಷ್ಟೇ ಚೆನ್ನಾಗಿ ಉಂಡರೂ ಈ ಅಂಕಿಗಳು ಬದಲಾಗುವುದಿಲ್ಲ; ಆಕೆಯ ಊಟದಿಂದ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಏರುವುದು ಅತ್ಯಲ್ಪ. ಇದು ತಾಯಿಯ ತಪ್ಪೂ ಅಲ್ಲ, ಹಾಲಿನ ತಪ್ಪೂ ಅಲ್ಲ. ಆ ಹಾಲು 40 ವಾರದ ಮಗುವಿಗೆಂದು ಹದವಾಗಿ ಬಂದದ್ದು.

ಈಗ ಡಬ್ಬಿ ಹಾಲಿನ ವಾದ. ಅವಧಿಪೂರ್ವ ಶಿಶುಗಳಿಗೆಂದೇ ಮಾಡಿದ ಪುಡಿ ಹಾಲಿನಲ್ಲಿ ಪ್ರೋಟೀನು, ಖನಿಜ ಎಲ್ಲ ಲೆಕ್ಕಕ್ಕೆ ಸರಿಯಾಗಿಯೇ ಇವೆ, ತೂಕವೂ ಬೇಗ ಏರುತ್ತದೆ. ಇಲ್ಲದ್ದು ಕಾವಲು. ಈ ಮಕ್ಕಳನ್ನು ಕಾಡುವ ಭೀಕರ ಕಾಯಿಲೆ ಎನ್‌ಇಸಿ. ಕರುಳಿನ ಗೋಡೆ ಉರಿಯೂತಗೊಂಡು ಸತ್ತು, ಕೆಲವೊಮ್ಮೆ ತೂತೇ ಬೀಳುತ್ತದೆ. 1990ರಲ್ಲಿ ಬ್ರಿಟನ್ನಿನಲ್ಲಿ 926 ಅವಧಿಪೂರ್ವ ಶಿಶುಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಪುಡಿ ಹಾಲು ಕುಡಿದವರಿಗೆ ಈ ಕಾಯಿಲೆ ಬರೀ ಎದೆಹಾಲು ಕುಡಿದವರಿಗಿಂತ 6ರಿಂದ 10 ಪಟ್ಟು ಹೆಚ್ಚಿತ್ತು. ಆಮೇಲೆ ಬಂದ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರೂ, ದಾನಿಗಳ ಹಾಲಿಗೆ ಹೋಲಿಸಿದರೆ ಪುಡಿ ಹಾಲಿನಲ್ಲಿ ಎನ್‌ಇಸಿ ಅಪಾಯ ಸುಮಾರು ಎರಡು ಪಟ್ಟು. ಪ್ರೋಟೀನಿನ ಕೊರತೆಯನ್ನು ಹೊರಗಿನಿಂದ ತುಂಬಬಹುದು. ಈ ಕಾವಲನ್ನು ಹೊರಗಿನಿಂದ ತುಂಬುವ ಪುಡಿ ಯಾವ ಡಬ್ಬಿಯಲ್ಲೂ ಇಲ್ಲ. ಹಾಗಾಗಿ ಕ್ರಮ ಇದು: ಮೊದಲು ಸ್ವಂತ ತಾಯಿಯ ಹಾಲು, ಅದಿಲ್ಲದಿದ್ದರೆ ದಾನಿಯ ಹಾಲು, ಅದೂ ಸಿಗದಿದ್ದರೆ ಮಾತ್ರ ಪುಡಿ ಹಾಲು. ಕೊರತೆಯನ್ನು ಹಾಲಿನೊಳಗೇ ಬೆರೆಸಿ ತುಂಬಬೇಕು.

ಫೋರ್ಟಿಫೈಯರ್

ಹಾಲಿಗೆ ಬೆರೆಸುವ ಈ ಪೋಷಕ ಪುಡಿಯನ್ನು, ಅಂದರೆ ಹ್ಯೂಮನ್ ಮಿಲ್ಕ್ ಫೋರ್ಟಿಫೈಯರ್ ಅನ್ನು, ವಾರ್ಡಿನಲ್ಲಿ ಎಚ್‌ಎಂಎಫ್ ಎಂದೇ ಕರೆಯುವುದು. ಪ್ರೋಟೀನು, ಕ್ಯಾಲ್ಸಿಯಂ, ರಂಜಕ, ಒಂದಷ್ಟು ಶಕ್ತಿ, ವಿಟಮಿನ್‌ಗಳು ಇರುತ್ತವೆ. 2022ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದನ್ನು ಎಲ್ಲ ಅವಧಿಪೂರ್ವ ಶಿಶುಗಳಿಗೂ ಕೊಡಿ ಎನ್ನುವುದಿಲ್ಲ. 32 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 1.5 ಕೆ.ಜಿ.ಗಿಂತ ಕಡಿಮೆಯಿರುವ ಮಕ್ಕಳಿಗೆ ಪರಿಗಣಿಸಬಹುದು ಎನ್ನುತ್ತದೆ. 1,900 ಗ್ರಾಂ ತೂಕದ, 35 ವಾರದ ಮಗುವಿಗೂ ಅಭ್ಯಾಸಬಲದಿಂದ ಚೀಟಿ ಬರೆಯುವುದು ವ್ಯರ್ಥ ಖರ್ಚು.

ನಮ್ಮ ಕೂಸು ಕೆ.ಜಿ.ಗೆ 80ರಿಂದ 100 ಮಿ.ಲೀ. ಹಾಲು ತಾಳಿಕೊಂಡ ಮೇಲೆ ಶುರು ಮಾಡುತ್ತಾರೆ. ಬೆರೆಸುವಾಗ ತಪ್ಪಾಗುವ ಜಾಗ ಒಂದಿದೆ. ನಮ್ಮಲ್ಲಿ ಸಿಗುವ ಹಲವು 1 ಗ್ರಾಂ ಪೊಟ್ಟಣಗಳನ್ನು 25 ಮಿ.ಲೀ. ಹಾಲಿಗೆ ಹಾಕಬೇಕು. ನಮ್ಮ ಕೂಸಿನ ಪಾಲು 18 ಮಿ.ಲೀ. ‘ಒಂದು ಹೊತ್ತಿಗೆ ಒಂದು ಪೊಟ್ಟಣ’ ಎಂದು 18 ಮಿ.ಲೀ.ಗೆ ಇಡೀ ಪೊಟ್ಟಣ ಸುರಿದರೆ ಪುಡಿ ಸುಮಾರು ಶೇ 40ರಷ್ಟು ಹೆಚ್ಚಾಗಿ ಹಾಲು ಗಾಢವಾಯಿತು. ಎದೆಹಾಲಿನ ಆಸ್ಮೊಲಾಲಿಟಿ, ಅಂದರೆ ಕರಗಿದ ಕಣಗಳ ಗಾಢತೆಯ ಅಳತೆ, 300ರ ಆಸುಪಾಸು; ಪುಡಿ ಬೆರೆಸಿದ ಮೇಲೂ 450 ದಾಟಬಾರದು. ದಾಟಿದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ಹಾಲು ತಾಳುವುದಿಲ್ಲ. ಪೊಟ್ಟಣದಲ್ಲಿ ಅಂದಾಜಿಗೆ ಮುಕ್ಕಾಲು ಭಾಗ ಸುರಿಯುವುದೂ ಸರಿಯಲ್ಲ. ನಾಲ್ಕು ಹೊತ್ತಿನ ಹಾಲು 72 ಮಿ.ಲೀ.; 75 ಮಿ.ಲೀ. ಅಳೆದು ಮೂರು ಪೊಟ್ಟಣ ಬೆರೆಸಿ, ಫ್ರಿಜ್ಜಿನಲ್ಲಿಟ್ಟು, ಹೊತ್ತು ಹೊತ್ತಿಗೆ 18 ಮಿ.ಲೀ. ತೆಗೆದರೆ ಲೆಕ್ಕ ಕೂಡುತ್ತದೆ. ಬೆರೆಸಿದ ಹಾಲನ್ನು ಬಹಳ ಹೊತ್ತು ಇಡಬೇಡಿ. ಹಾಲಿನಲ್ಲಿರುವ ಕಿಣ್ವ ಪುಡಿಯ ಸಕ್ಕರೆಯನ್ನು ಒಡೆಯುತ್ತಾ ಹೋಗಿ ಗಾಢತೆ ಇನ್ನೂ ಏರುತ್ತದೆ. ಮೊದಲ ಒಂದೆರಡು ದಿನ ಅರ್ಧ ಪ್ರಮಾಣ, ಆಮೇಲೆ ಪೂರ್ತಿ ಎಂಬ ಪದ್ಧತಿ ಹಲವೆಡೆ ಇದೆ.

ಎಲ್ಲ ಪುಡಿಗಳೂ ಒಂದೇ ಅಲ್ಲ. 100 ಮಿ.ಲೀ. ಹಾಲಿಗೆ 1 ಗ್ರಾಂ ಪ್ರೋಟೀನು ಸೇರಿಸುವವು ಇವೆ, ಅದರ ಅರ್ಧವೂ ಸೇರಿಸದವು ಇವೆ. ಪೊಟ್ಟಣದ ಹಿಂಬದಿ ಓದಿ, ಕೂಡಿ ನೋಡಿ. ಪುಡಿ ಎಂದರೆ ಕ್ರಿಮಿರಹಿತ ಎಂದೂ ಅಲ್ಲ. ಕ್ರೋನೊಬ್ಯಾಕ್ಟರ್ ಎಂಬ ರೋಗಾಣು ಒಣ ಪುಡಿಯಲ್ಲೂ ಬದುಕಿರಬಲ್ಲದು. ಕೈ ತೊಳೆದು, ಒರೆಸಿದ ಶುದ್ಧ ಜಾಗದಲ್ಲೇ ಬೆರೆಸಬೇಕು.

ಪುಡಿ ಕೊಟ್ಟರೂ ಕೂಸು ಬೆಳೆಯದಿದ್ದರೆ ರಕ್ತದ ಯೂರಿಯಾ ನೈಟ್ರೋಜನ್ ನೋಡುತ್ತಾರೆ. 10ಕ್ಕಿಂತ ಕಡಿಮೆಯಿದ್ದರೆ ಪ್ರೋಟೀನು ಸಾಲುತ್ತಿಲ್ಲ, ಹೆಚ್ಚಿಸಬಹುದು. 16 ದಾಟಿದರೆ ಇಳಿಸಬೇಕು. ಎಣ್ಣೆ, ಸಕ್ಕರೆ, ಗ್ಲೂಕೋಸ್ ಬೆರೆಸುವ ಹಳೆಯ ಉಪಾಯದಿಂದ ಕ್ಯಾಲೊರಿ ಮಾತ್ರ ಏರುತ್ತದೆ. ಪ್ರೋಟೀನಿಲ್ಲದ ಕ್ಯಾಲೊರಿ ಕೊಬ್ಬಾಗುತ್ತದೆ, ಮೂಳೆಗೂ ಮಿದುಳಿಗೂ ಆಗುವುದಿಲ್ಲ.

ಎರಡು ಮಿ.ಲೀ.ನಿಂದ ಹದಿನೆಂಟಕ್ಕೆ

ಮೊದಲ ದಿನವೇ ಶುರು ಮಾಡುತ್ತೇವೆ. ಕೆ.ಜಿ.ಗೆ 20 ಮಿ.ಲೀ. ಎಂದರೆ ದಿನಕ್ಕೆ 24. ಎರಡು ಗಂಟೆಗೊಮ್ಮೆ 2 ಮಿ.ಲೀ. ಇದರಿಂದ ಹೊಟ್ಟೆ ತುಂಬುವುದಿಲ್ಲ, ಕರುಳು ಕೆಲಸ ಕಲಿಯುತ್ತದೆ. ಉಳಿದದ್ದು ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬಿನ ದ್ರಾವಣವಾಗಿ ರಕ್ತನಾಳದಿಂದ. ಆಮೇಲೆ ದಿನಕ್ಕೆ ಕೆ.ಜಿ.ಗೆ 30 ಮಿ.ಲೀ.ನಂತೆ ಏರಿಸಬಹುದು, ನಮ್ಮ ಕೂಸಿಗೆ ಪ್ರತಿ ಹೊತ್ತಿಗೆ ದಿನಕ್ಕೆ 3 ಮಿ.ಲೀ. ಜಾಸ್ತಿ. ಆರೇಳು ದಿನದಲ್ಲಿ 18 ಮುಟ್ಟುತ್ತದೆ. ಬಹಳ ನಿಧಾನ ಏರಿಸಿದರೆ ಎನ್‌ಇಸಿ ಕಡಿಮೆ ಎಂಬ ನಂಬಿಕೆ ಹಿಂದೆ ಗಟ್ಟಿಯಾಗಿತ್ತು. 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 18 ಮತ್ತು 30 ಮಿ.ಲೀ. ವೇಗಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಧಾನ ಮಾಡಿದಷ್ಟೂ ಡ್ರಿಪ್‌ನ ದಿನಗಳು ಹೆಚ್ಚುತ್ತವೆ, ಸೂಜಿ ಚುಚ್ಚುವುದೂ ಹೆಚ್ಚುತ್ತದೆ.

ಚೀಪು, ನುಂಗು, ಉಸಿರಾಡು, ಈ ಮೂರನ್ನೂ ಹೊಂದಿಸುವ ಕೌಶಲ 32ರಿಂದ 34 ವಾರಕ್ಕೆ ಕೂಡಿ ಬರುವುದು. ಅಲ್ಲಿಯವರೆಗೆ ಬಾಯಿಂದ ಹೊಟ್ಟೆಗೆ ಸಣ್ಣ ನಳಿಕೆ. ಬಾಯಿಯ ಅಂಚಿನಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳ ಇವುಗಳ ನಡುಮಧ್ಯಕ್ಕೆ ಅಳೆದು ಗುರುತು ಮಾಡಬೇಕು. ಸಿರಿಂಜಿನ ದಂಡ ತೆಗೆದು, ಕೊಳವೆಗೆ ಹಾಲು ಸುರಿದು, ತಾನಾಗಿ ಇಳಿಯಲು ಬಿಡಬೇಕು. ಒತ್ತಿ ನುಗ್ಗಿಸಬಾರದು. ಪಂಪ್‌ಗೆ ಕಟ್ಟಿ ಗಂಟೆಗಟ್ಟಲೆ ಹನಿಸಿದರೆ ಕೊಬ್ಬು ನಳಿಕೆಯ ಗೋಡೆಗೆ ಅಂಟಿ ಅಲ್ಲೇ ಉಳಿಯುತ್ತದೆ. ಕೂಸಿನ ಪಾಲಿನ ಕ್ಯಾಲೊರಿ ಪ್ಲಾಸ್ಟಿಕ್ಕಿನ ಪಾಲಾಗುತ್ತದೆ. ಪಂಪ್ ಬೇಕೇ ಬೇಕೆಂದರೆ ಸಿರಿಂಜಿನ ತುದಿ ಮೇಲ್ಮುಖವಾಗಿರಲಿ, ತೇಲುವ ಕೊಬ್ಬು ಮೊದಲು ಹೋಗಲಿ.

ಪ್ರತಿ ಸಲ ಹೊಟ್ಟೆಯಿಂದ ಹಾಲೆಳೆದು ‘ಎಷ್ಟು ಉಳಿದಿದೆ’ ಎಂದು ನೋಡುವ ಅಭ್ಯಾಸ ಬಿಡಬೇಕು. ಸ್ವಲ್ಪ ಉಳಿದಿರುವುದು ಸಹಜ. ಅದನ್ನು ನೋಡಿ ಹಾಲು ನಿಲ್ಲಿಸಿದರೆ ಕೂಸು ಹಸಿಯುತ್ತದೆ ಅಷ್ಟೆ. ನಿಜವಾಗಿ ಹೆದರಬೇಕಾದದ್ದು ಬೇರೆ: ಹಸಿರು ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ಬಿಗಿದು ಹೊಳೆಯುವುದು, ಇದರ ಜೊತೆಗೆ ಕೂಸು ಜೋಲುವುದು, ಉಸಿರು ಮರೆಯುವುದು. ಆಗ ಹಾಲು ನಿಲ್ಲಿಸಿ ತಕ್ಷಣ ವೈದ್ಯರನ್ನು ಕರೆಯಬೇಕು.

32 ವಾರದ ಹೊತ್ತಿಗೆ ಒಳಲೆ. ನಮ್ಮ ಮನೆಗಳಲ್ಲಿ ಬೆಳ್ಳಿ ಒಳಲೆಯನ್ನು ಉಡುಗೊರೆ ಕೊಟ್ಟು ಕಪಾಟಿನಲ್ಲಿಡುವುದೇ ಹೆಚ್ಚು. ವಾರ್ಡಿನಲ್ಲಿ ಅದು ದಿನದ ಕೆಲಸದ ವಸ್ತು. ಕುದಿಸಲು ಅನುಕೂಲವಾದ ಸ್ಟೀಲಿನದು ಒಳ್ಳೆಯದು. ಕೂಸನ್ನು ಅರ್ಧ ಕೂತ ಭಂಗಿಯಲ್ಲಿ ಹಿಡಿದು, ಮೂತಿಯನ್ನು ಬಾಯಿಯ ಮೂಲೆಗಿಟ್ಟು, ಸ್ವಲ್ಪ ಹಾಕಿ, ನುಂಗಿದ್ದು ನೋಡಿ ಮತ್ತೆ ಹಾಕಬೇಕು. ಮಲಗಿಸಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟಲಿ ಬೇಡ: ತೊಳೆಯುವುದು ಕಷ್ಟ, ಎದೆ ಹಿಡಿಯುವುದನ್ನು ಕೆಡಿಸುತ್ತದೆ. 34 ವಾರದ ಹೊತ್ತಿಗೆ ಬಹುಪಾಲು ಮಕ್ಕಳು ನೇರ ಎದೆಗೆ ಬರುತ್ತಾರೆ. ಅದಕ್ಕೂ ಮೊದಲು ಹಿಂಡಿದ ಎದೆಯ ಬಳಿ ಮೂಸಲು, ನೆಕ್ಕಲು ಬಿಟ್ಟರೆ ಕಲಿಕೆ ಬೇಗ.

ಹಾಲು ಹಿಂಡುವುದು

ಮೇಲಿನ ಎಲ್ಲ ಲೆಕ್ಕವೂ ಹಾಲಿದ್ದರೆ ಮಾತ್ರ. ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ, ತಾಯಿಗೆ ಸಿಸೇರಿಯನ್ ನೋವು, ಚೀಪುವವರಿಲ್ಲ. ಎದೆಗೆ ‘ಹಾಲು ಬೇಕು’ ಎಂಬ ಸುದ್ದಿ ಮುಟ್ಟಿಸುವುದು ಹಿಂಡುವ ಕೈ ಮಾತ್ರ. ಸಾಧ್ಯವಾದರೆ ಹೆರಿಗೆಯಾದ ಮೊದಲ ಗಂಟೆಯಲ್ಲಿ, ತಡವೆಂದರೆ 6 ಗಂಟೆಯೊಳಗೆ ಶುರುವಾಗಬೇಕು. 24 ಗಂಟೆಯಲ್ಲಿ 8ರಿಂದ 12 ಸಲ. ರಾತ್ರಿ ಒಂದು ಸಲವಾದರೂ ಎದ್ದು ಹಿಂಡಬೇಕು, ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚು. ‘ಬಾಣಂತಿ ಮಲಗಲಿ, ಬೆಳಿಗ್ಗೆ ನೋಡೋಣ’ ಎನ್ನುವ ಕರುಣೆಯಿಂದಲೇ ಎಷ್ಟೋ ಸಲ ಹಾಲು ಬತ್ತುವುದು.

ಕೈ ತೊಳೆಯಿರಿ. ಎದೆಯನ್ನು ಮೆಲ್ಲಗೆ ತೀಡಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅಮುಕಿ, ಬಿಡಿ. ತೊಟ್ಟನ್ನು ಎಳೆಯುವುದು, ಚರ್ಮದ ಮೇಲೆ ಬೆರಳು ಜಾರಿಸುವುದು ಬೇಡ. ನೋವಾಗುತ್ತದೆ, ಹಾಲು ಬರುವುದಿಲ್ಲ. ಬೆರಳ ಜಾಗ ಬದಲಿಸುತ್ತಾ ಸುತ್ತಲೂ ಹಿಂಡಿ. ಒಂದು ಕಡೆ ಮೂರರಿಂದ ಐದು ನಿಮಿಷ, ಆಮೇಲೆ ಇನ್ನೊಂದು ಕಡೆ, ಹೀಗೆ ಬದಲಿಸುತ್ತಾ ಒಟ್ಟು 20–30 ನಿಮಿಷ. ಮೊದಲ ಎರಡು ದಿನ ಬರುವುದು ಹನಿಗಳೇ. ಅಂಟಂಟಾದ ಆ ಹಳದಿ ಹಾಲು ಎದೆಹಾಲು ಹಿಂಡುವ ಪಂಪಿನ ಕೊಳವೆಯಲ್ಲೇ ಉಳಿದುಹೋಗುವುದರಿಂದ ಕೈಯಲ್ಲೇ ಹಿಂಡಿ 1 ಮಿ.ಲೀ. ಸಿರಿಂಜಿನಲ್ಲಿ ಎಳೆದುಕೊಳ್ಳಿ. ಹೊಟ್ಟೆಗೆ ಇನ್ನೂ ಹಾಲು ಶುರುವಾಗದ ಕೂಸಿಗೂ ಒಂದೊಂದು ಕೆನ್ನೆಯ ಒಳಗೆ 0.1 ಮಿ.ಲೀ. ಸವರಬಹುದು. ಹಾಲು ಇಳಿದ ಮೇಲೆ ಪಂಪ್ ಅನುಕೂಲ. 14ನೇ ದಿನಕ್ಕೆ ದಿನಕ್ಕೆ 500 ಮಿ.ಲೀ. ಗುರಿ. ಕೂಸಿಗೆ ಈಗ ಬೇಕಾದದ್ದು 216 ಮಾತ್ರ, ನಿಜ. ಆದರೆ ಮೊದಲ ಎರಡು ವಾರದಲ್ಲಿ ಕಟ್ಟಿದ ಇಳುವರಿಯೇ ಮುಂದಿನ ತಿಂಗಳುಗಳದ್ದು. ಮಿಕ್ಕ ಹಾಲಿನಿಂದ ಇನ್ನೊಂದು ಲಾಭವಿದೆ: ತೂಕ ಏರದ ಕೂಸಿಗೆ, ಮೊದಲ ಎರಡು ಮೂರು ನಿಮಿಷದ ಹಾಲನ್ನು ಬೇರೆ ಎತ್ತಿಟ್ಟು, ಕೊಬ್ಬು ಹೆಚ್ಚಿರುವ ಕೊನೆಯ ಹಾಲನ್ನು ಕೊಡಬಹುದು.

ಎದೆಗೆ ಎದೆ ಕೊಟ್ಟು ಕೂಸನ್ನು ಅಪ್ಪಿಕೊಳ್ಳುವ ಕಾಂಗರೂ ಆರೈಕೆಯನ್ನು ಇಲ್ಲೇ ಹೇಳಬೇಕು, ಹಾಲು ಹೆಚ್ಚಿಸುವ ಮದ್ದುಗಳಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಹೆಚ್ಚು. 2021ರಲ್ಲಿ ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಿಂದ ಬಂದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದ ಮಕ್ಕಳಲ್ಲಿ 28 ದಿನದೊಳಗಿನ ಸಾವು ಶೇ 12. ಸ್ಥಿರವಾಗುವವರೆಗೆ ಕಾದು ಆರಂಭಿಸಿದವರಲ್ಲಿ ಶೇ 15.7. ವಾರ್ಡಿನಲ್ಲೇ ಇರುವ ತಾಯಿಯ ಮೈ ಆ ವಾರ್ಡಿನ ರೋಗಾಣುಗಳನ್ನು ಗುರುತಿಸಿ ಅವಕ್ಕೆ ತಕ್ಕ ಪ್ರತಿಕಾಯಗಳನ್ನು ಹಾಲಿಗೆ ಇಳಿಸುತ್ತದೆ. ತಾಯಿಯನ್ನು ಗೇಟಿನ ಹೊರಗೆ ಕೂರಿಸಿದರೆ ಇದಾಗುವುದಿಲ್ಲ.

ಕಾಪಿಡುವ ವಿಚಾರ ಚಿಕ್ಕದು. ಹೊರಗೆ 4 ಗಂಟೆ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಷ್ಟೂ ಬೇಡ. ಫ್ರಿಜ್ಜಿನ ಒಳಭಾಗದಲ್ಲಿ 24 ಗಂಟೆ, ಬಾಗಿಲಲ್ಲಿ ಇಡಬೇಡಿ. ಮೈನಸ್ 20 ಡಿಗ್ರಿಯಲ್ಲಿ 3 ತಿಂಗಳು. ಪಾತ್ರೆಯ ಮೇಲೆ ತಾಯಿಯ ಹೆಸರು, ಆಸ್ಪತ್ರೆ ಸಂಖ್ಯೆ, ದಿನ, ಹೊತ್ತು. ಒಬ್ಬರ ಹಾಲು ಇನ್ನೊಬ್ಬರ ಕೂಸಿಗೆ ಹೋಗುವುದು ರಕ್ತ ಅದಲುಬದಲಾದಷ್ಟೇ ಗಂಭೀರ ತಪ್ಪು. ಬೆಚ್ಚಗಿನ ನೀರಿನ ಬಟ್ಟಲಲ್ಲಿಟ್ಟು ಬಿಸುಪು ತರಿಸಿ, ಒಲೆಯೂ ಬೇಡ, ಮೈಕ್ರೋವೇವೂ ಬೇಡ. ಮೇಲೆ ತೇಲಿದ ಕೊಬ್ಬು ಬೆರೆಯುವಂತೆ ಮೆಲ್ಲಗೆ ಸುತ್ತಿಸಿ. ಫ್ರೀಜರಿನಿಂದ ತೆಗೆದ ಹಾಲು ಸೋಪಿನ ವಾಸನೆ ಬಂದರೆ ಕೆಟ್ಟಿತೆಂದು ಚೆಲ್ಲಬೇಡಿ; ಲೈಪೇಸ್ ಕೊಬ್ಬನ್ನು ಒಡೆದಿದೆ, ಅಷ್ಟೆ.

ದಾನಿಗಳ ಹಾಲು

ಜಗತ್ತಿನ ಮೊದಲ ಎದೆಹಾಲು ಬ್ಯಾಂಕ್ 1909ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಏಷ್ಯಾದ ಮೊದಲನೆಯದು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ, ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಮುತುವರ್ಜಿಯಿಂದ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಬಂತು. ದಾನಿಗಳಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಮುಂತಾದ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಬೇಗ ತಣಿಸಿ, ಹೆಪ್ಪುಗಟ್ಟಿಸುತ್ತಾರೆ. ವೈರಾಣು, ಬ್ಯಾಕ್ಟೀರಿಯಾ ಸಾಯುತ್ತವೆ. ಅದಕ್ಕೆ ಬೆಲೆಯೂ ತೆರಬೇಕು: ಲೈಪೇಸ್ ಪೂರ್ತಿ ನಾಶ, ಜೀವಕೋಶಗಳು ನಾಶ, ಪ್ರತಿಕಾಯ ಮತ್ತು ಲ್ಯಾಕ್ಟೋಫೆರಿನ್ ಗಣನೀಯವಾಗಿ ಕಡಿಮೆ. ಆಲಿಗೋಸ್ಯಾಕರೈಡ್‌ಗಳು ಮಾತ್ರ ಹಾಗೇ ಉಳಿಯುತ್ತವೆ. ದಾನಿಗಳಲ್ಲಿ ಹೆಚ್ಚಿನವರು ದಿನ ತುಂಬಿ ಹೆತ್ತು ಕೆಲವು ತಿಂಗಳಾದವರು, ಹಾಗಾಗಿ ಪ್ರೋಟೀನು 1 ಗ್ರಾಂಗಿಂತಲೂ ಕಡಿಮೆ ಇರುವುದುಂಟು. ದಾನಿಯ ಹಾಲು ಸ್ವಂತ ತಾಯಿಯ ಹಾಲು ಬರುವವರೆಗಿನ ಸೇತುವೆ. ಬ್ಯಾಂಕಿದೆ ಎಂದು ತಾಯಿ ಹಿಂಡುವುದನ್ನು ಸಡಿಲಬಿಡಬಾರದು. ಮಾರಾಟವಂತೂ ಸಲ್ಲದು: 2024ರ ಮೇ ತಿಂಗಳಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಎದೆಹಾಲಿನ ವ್ಯಾಪಾರಕ್ಕೆ ಅನುಮತಿಯೇ ಇಲ್ಲವೆಂದು ಸ್ಪಷ್ಟಪಡಿಸಿದೆ.

ಬೆಳವಣಿಗೆ, ಹನಿ ಔಷಧಿ

ಮೊದಲ ವಾರ ಹುಟ್ಟಿದ ತೂಕದಲ್ಲಿ ಶೇ 10–15 ಇಳಿಯುತ್ತದೆ. ಎರಡು ವಾರದೊಳಗೆ ಮರಳಬೇಕು. ಆಮೇಲೆ ಕೆ.ಜಿ.ಗೆ ದಿನಕ್ಕೆ 15–20 ಗ್ರಾಂ. ನಮ್ಮ ಕೂಸಿಗೆ 18ರಿಂದ 24. ವಾರಕ್ಕೆ ಉದ್ದ ಸುಮಾರು 1 ಸೆಂ.ಮೀ., ತಲೆ ಸುತ್ತಳತೆ ಅರ್ಧದಿಂದ 1 ಸೆಂ.ಮೀ. ತೂಕ ಮಾತ್ರ ಏರಿ ಉದ್ದ ಏರದಿದ್ದರೆ ಪ್ರೋಟೀನು ಸಾಲುತ್ತಿಲ್ಲ ಎಂದು ಅನುಮಾನಿಸಿ. ಅದೇ ತಕ್ಕಡಿ, ಅದೇ ಹೊತ್ತು, ಬಟ್ಟೆಯಿಲ್ಲದೆ ತೂಗಿ. ಏರದಿದ್ದರೆ ಮೊದಲು ಕೇಳಬೇಕಾದದ್ದು: ಬರೆದಷ್ಟು ಹಾಲು ನಿಜವಾಗಿ ಹೊಟ್ಟೆಗೆ ಹೋಗಿದೆಯೇ? ಕೂಸು ತಣ್ಣಗಿದೆಯೇ? ರಕ್ತದಲ್ಲಿ ಸೋಡಿಯಂ ಕಡಿಮೆಯೇ? ರಕ್ತಹೀನತೆಯೇ, ಸೋಂಕೇ? ಪುಡಿ ಬದಲಿಸುವುದು ಇವೆಲ್ಲ ಆದ ಮೇಲೆ.

ಎಚ್‌ಎಂಎಫ್ ಕೊಡದ ಕಡೆ ಕ್ಯಾಲ್ಸಿಯಂ ಸಿರಪ್ ಬರೆಯುತ್ತಾರೆ. ಅದು ಕ್ಯಾಲ್ಸಿಯಂ ಫಾಸ್ಫೇಟ್ ಆಗಿರಬೇಕು. ಬರೀ ಕ್ಯಾಲ್ಸಿಯಂ ಕಾರ್ಬೋನೇಟ್ ಕೊಟ್ಟರೆ ರಂಜಕ ಸಿಗುವುದಿಲ್ಲ, ಮೂಳೆ ಗಟ್ಟಿಯಾಗುವುದಿಲ್ಲ. ಮುಂದೆ ಬಟ್ಟೆ ಬದಲಿಸುವಾಗ ಪಕ್ಕೆಲುಬು ಮುರಿದ ಉದಾಹರಣೆಗಳೂ ವೈದ್ಯಕೀಯದಲ್ಲಿವೆ. ಕಬ್ಬಿಣ ಎರಡರಿಂದ ನಾಲ್ಕು ವಾರದ ನಡುವೆ ಶುರು, ಕೆ.ಜಿ.ಗೆ 2–3 ಮಿ.ಗ್ರಾಂ. ಇಲ್ಲೊಂದು ಗುಂಡಿ ಇದೆ. ಒಂದು ಕಂಪನಿಯ ಕಬ್ಬಿಣದ ಹನಿಯಲ್ಲಿ 1 ಮಿ.ಲೀ.ಗೆ 10 ಮಿ.ಗ್ರಾಂ ಇದ್ದರೆ ಇನ್ನೊಂದರದ್ದು 25, ಮತ್ತೊಂದರದ್ದು 50. ವಿಟಮಿನ್ ಡಿ ಹನಿಯೂ 400 ಮತ್ತು 800 ಯೂನಿಟ್ ಎರಡೂ ಸಿಗುತ್ತವೆ. ಅಂಗಡಿಯವರು ‘ಅದು ಇಲ್ಲ, ಇದೂ ಒಂದೇ’ ಎಂದು ಬೇರೆಯದು ಕೊಟ್ಟರೆ ಪ್ರಮಾಣ ಮತ್ತೆ ಕೇಳದೆ ಹಾಕಬೇಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಬೇರೆ ಬೇರೆ ಹೊತ್ತಿಗೆ.

ಪ್ರಶ್ನೆಗಳು

*ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಬಹುದೇ?* ಬೇಡ. ನೀರು ಹಾಕಿದರೆ ಶಕ್ತಿ ಇಳಿಯಿತು. ಹಾಕದಿದ್ದರೆ ಉಪ್ಪಿನಂಶ ಮತ್ತು ಪ್ರೋಟೀನು ಬಲಿಯದ ಮೂತ್ರಪಿಂಡಕ್ಕೆ ಹೊರೆ. ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ಬೀದಿಯಲ್ಲಿ ಮಾರುವ ಕತ್ತೆ ಹಾಲಿನ ಒಂದು ಚಮಚವೂ ಬೇಡ, ಜೇನು, ಬಜೆ, ಗ್ರೈಪ್ ವಾಟರ್ ಕೂಡ ಬೇಡ. ದಿನ ತುಂಬಿದ ಮಗು ತಡೆದುಕೊಂಡದ್ದನ್ನು ಈ ಕೂಸು ತಡೆಯುವುದಿಲ್ಲ.

*ಬಾಣಂತಿ ಪಥ್ಯ ಮಾಡಿದರೆ ಹಾಲು ಕೆಡುತ್ತದೆಯೇ?* ಪ್ರೋಟೀನು, ಲ್ಯಾಕ್ಟೋಸ್ ಬದಲಾಗುವುದಿಲ್ಲ. ಬದಲಾಗುವುದು ಬಿ1, ಬಿ12 ವಿಟಮಿನ್‌ಗಳು, ಅಯೋಡಿನ್, ಕೊಬ್ಬಿನ ಬಗೆ. ಬರೀ ಅನ್ನ, ಮೆಣಸಿನ ಸಾರು ತಿಂದರೆ ಇವು ಕುಸಿಯುತ್ತವೆ, ತಾಯಿಯೂ ಸೊರಗುತ್ತಾಳೆ. ಆಕೆಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಹೆಚ್ಚು ಬೇಕು: ಬೇಳೆ, ಸೊಪ್ಪು, ಮೊಟ್ಟೆ, ಹಾಲು, ತಿನ್ನುವವರಿಗೆ ಮೀನು. ನೀರನ್ನು ಅಳೆದು ಕೊಡುವ ಪದ್ಧತಿ ಬಿಡಿ; ಬಾಯಾರಿದಷ್ಟು ಕುಡಿಯಲಿ. ಸಬ್ಬಸಿಗೆ ಸೊಪ್ಪು, ಮೆಂತ್ಯ ತಿನ್ನಲಿ, ತೊಂದರೆಯಿಲ್ಲ, ಆದರೆ ಹಿಂಡುವುದಕ್ಕೆ ಅವು ಬದಲಿಯಲ್ಲ.

*ಆಸ್ಪತ್ರೆಯಲ್ಲಿ ಪುಡಿ ಹಾಲಿನ ಸ್ಯಾಂಪಲ್ ಡಬ್ಬಿ ಕೊಟ್ಟರೆ?* ತೆಗೆದುಕೊಳ್ಳಬೇಡಿ. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಉಚಿತ ಮಾದರಿ ಹಂಚುವುದನ್ನು ನಿಷೇಧಿಸುತ್ತದೆ.

*ರಾಗಿ ಸರಿ ಯಾವಾಗ ಶುರು ಮಾಡಬೇಕು?* ಹುಟ್ಟಿದ ದಿನದಿಂದ ಎಣಿಸಬೇಡಿ, ಹುಟ್ಟಬೇಕಿದ್ದ ದಿನದಿಂದ ಆರು ತಿಂಗಳು ಎಣಿಸಿ. ನಮ್ಮ ಕೂಸು 10 ವಾರ ಮೊದಲು ಬಂದಿದೆ; ಅದಕ್ಕೆ ಆರು ತಿಂಗಳು ತುಂಬುವುದು ಕ್ಯಾಲೆಂಡರಿನ ಎಂಟೂಕಾಲು ತಿಂಗಳಿಗೆ. ನಾಲ್ಕಕ್ಕೇ ಶುರು ಮಾಡಿದರೆ ಬೇಗ ತೂಕ ಬರುತ್ತದೆಯೇ ಎಂದು ಭಾರತದ ಮೂರು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ತೂಕದಲ್ಲಿ ಲಾಭವಾಗಲಿಲ್ಲ, ಬೇಗ ಶುರು ಮಾಡಿದ ಮಕ್ಕಳು ಆಸ್ಪತ್ರೆಗೆ ಸೇರಿದ್ದೇ ಹೆಚ್ಚು. ಕತ್ತು ನಿಂತಿದೆಯೇ, ಚಮಚ ಕಂಡರೆ ಬಾಯಿ ತೆರೆಯುತ್ತದೆಯೇ ನೋಡಿ. ಆಮೇಲೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಸರಿ, ಚಮಚದಿಂದ ಜಾರದಷ್ಟು ಗಟ್ಟಿಯಾಗಿ, ಸ್ವಲ್ಪ ತುಪ್ಪ ಹಾಕಿ. ಕಬ್ಬಿಣದ ಹನಿಯನ್ನು ಅದರಲ್ಲಿ ಬೆರೆಸಬೇಡಿ. ರಾಗಿಯ ಕ್ಯಾಲ್ಸಿಯಂ ಮತ್ತು ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಎರಡು ಊಟದ ನಡುವೆ ಬೇರೆಯಾಗಿ ಹಾಕಿ.